ಬಾಡಿಗೆ ಕೋಣೆಯಲ್ಲಿ ಕೂದಲು ಉಳಿಯದಂತೆ: ನೀರಿಗಿಂತ ಮೊದಲು ಒಣ ಕೆಲಸ

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಮನೆ. ಮಕ್ಕಳು ಬೇರೆ ಊರುಗಳಲ್ಲಿ ನೆಲೆಸಿದ ಮೇಲೆ ಮಹಡಿಯ ಎರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಲು ಆರಂಭಿಸಿದ್ದೇವೆ. ಹೈಕೋರ್ಟ್ ಪೀಠದ ಕೆಲಸಕ್ಕೆ ಬರುವವರು, ಇಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಬರುವ ತಂದೆ-ತಾಯಂದಿರು ಹೆಚ್ಚಾಗಿ ಉಳಿಯುತ್ತಾರೆ. ಕೆಲಸದ ಅಕ್ಕ ನಿತ್ಯವೂ ಕಸ ಗುಡಿಸಿ, ನೆಲ ಒರೆಸಿ, ಬಚ್ಚಲು ತೊಳೆಯುತ್ತಾರೆ. ಆದರೂ ಎರಡು ತಿಂಗಳಲ್ಲಿ ಮೂರು ಸಲ ಕೂದಲಿನ ದೂರು ಬಂದಿದೆ: ಒಮ್ಮೆ ತಲೆದಿಂಬಿನ ಮೇಲೆ, ಒಮ್ಮೆ ಬಚ್ಚಲಿನ ಬಕೆಟ್ಟಿಗೆ ಅಂಟಿಕೊಂಡಿದ್ದು, ಒಮ್ಮೆ ಹೊದೆಯಲು ಕೊಟ್ಟ ಕೌದಿಯಲ್ಲಿ. ದುಬಾರಿ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಬೇಕೆ? ಕೋಣೆಯಲ್ಲಿ ತಲೆ ಬಾಚಿಕೊಳ್ಳಬೇಡಿ ಎಂದು ಫಲಕ ಹಾಕಬಹುದೆ?

ಉತ್ತರ: ಹುಬ್ಬಳ್ಳಿಯ ವಸತಿಗೃಹಗಳಲ್ಲಿ ಕೋಣೆಗಳ ಸ್ವಚ್ಛತೆಯ ಮೇಲ್ವಿಚಾರಣೆ ಮಾಡುತ್ತ 20 ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದೇನೆ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು ಒಂದು ಒಳ್ಳೆಯ ಸಂಗತಿ: ಕೂದಲು ಎಲ್ಲೆಲ್ಲಿ ಸಿಕ್ಕಿತು ಎಂಬುದನ್ನು ನೀವು ನೆನಪಿಟ್ಟುಕೊಂಡಿದ್ದೀರಿ. ತಲೆದಿಂಬು, ಬಕೆಟ್ಟು, ಕೌದಿ, ಈ ಮೂರೂ ಕಡೆ ಕೂದಲು ಬಂದು ಸೇರುವ ದಾರಿ ಬೇರೆ ಬೇರೆ. ನಿಮ್ಮ ಮನೆಯ ಅಕ್ಕ ಕೆಲಸದಲ್ಲಿ ಆಲಸ್ಯ ಮಾಡುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಅವರ ಶ್ರಮ ಸಾಕಷ್ಟಿದೆ, ಆದರೆ ಕೆಲಸದ ಕ್ರಮ ಹಿಂದುಮುಂದಾಗಿದೆ.

ಎಷ್ಟು ಕೂದಲಿನ ಮಾತು ಇದು ಎಂಬುದನ್ನು ಮೊದಲು ತಿಳಿಯಬೇಕು. ಆರೋಗ್ಯವಾಗಿರುವ ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ತಾನಾಗಿ ಉದುರುತ್ತವೆ. ಇಬ್ಬರು ಎರಡು ದಿನ ಉಳಿದರೆ 200ರಿಂದ 400 ಕೂದಲು ಎಂದಾಯಿತು. ಇವುಗಳಲ್ಲಿ ಬಹುಪಾಲು ತಲೆ ಬಾಚುವಾಗ ಮತ್ತು ತಲೆಗೆ ಸ್ನಾನ ಮಾಡುವಾಗ ಬೀಳುತ್ತವೆ, ಉಳಿದವು ಹಾಸಿಗೆಯಲ್ಲಿ, ಟವೆಲ್ಲಿನಲ್ಲಿ, ಕುರ್ಚಿಯ ಬೆನ್ನಿಗೆ ಅಂಟಿಕೊಂಡು ಇರುತ್ತವೆ. ಒಂದು ಕೂದಲಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ, ಬರಿಗೈಗೆ ಅದರ ಭಾರ ತಿಳಿಯುವುದಿಲ್ಲ, ಆದರೆ ಬಿಳಿಯ ಚಾದರದ ಮೇಲೆ ಕಪ್ಪು ಗೆರೆಯಾಗಿ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಧೂಳಿನಂತೆ ಅದು ಒರೆಸಿದರೆ ಹೋಗುವ ವಸ್ತುವಲ್ಲ. ಮಾರ್ಜಕ, ಸಾಬೂನು, ಬಿಸಿನೀರು ಯಾವುದಕ್ಕೂ ಕರಗದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತದೆ, ಅಷ್ಟೆ. ನಮ್ಮ ಪಕ್ಕದ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನ ಸಂಸ್ಕರಣೆ ಒಂದು ದೊಡ್ಡ ಉದ್ಯಮವಾಗಿ ನಿಂತಿರುವುದಕ್ಕೆ ಅದರ ಈ ಗಟ್ಟಿತನವೂ ಒಂದು ಕಾರಣ.

ಆದ್ದರಿಂದ ಕೂದಲನ್ನು ತೊಳೆಯಲಾಗುವುದಿಲ್ಲ, ಆರಿಸಿ ಹೊರಗೆ ಒಯ್ಯಬೇಕಾಗುತ್ತದೆ. ಒಯ್ಯುವುದು ಒಣಗಿರುವಾಗ ಸುಲಭ, ತೊಯ್ದಾಗ ಬಹಳ ಕಷ್ಟ. ತೆಳುವಾದ ನೀರಿನ ಪದರ ಕೂದಲನ್ನು ನೆಲಕ್ಕೆ, ಟೈಲಿಗೆ, ಪ್ಲಾಸ್ಟಿಕ್ಕಿಗೆ ಎಳೆದು ಹಿಡಿಯುತ್ತದೆ, ಕಸಬರಿಗೆಯಾಗಲಿ ಒರೆಸುವ ಬಟ್ಟೆಯಾಗಲಿ ಅದರ ಮೇಲೆ ಜಾರಿ ಹೋಗುತ್ತದೆ. ಆ ಹೊತ್ತಿಗೆ ಒದ್ದೆ ನೆಲದ ಹೊಳಪಿನಲ್ಲಿ ಕೂದಲು ಕಣ್ಣಿಗೂ ಬೀಳುವುದಿಲ್ಲ. ಎರಡು ಗಂಟೆಯ ನಂತರ ನೀರು ಆರಿ, ಕೂದಲಿನ ತುದಿ ಮೇಲೆದ್ದಾಗ ಅದು ಕಾಣಿಸುತ್ತದೆ, ಆದರೆ ಆಗ ಕೋಣೆಯಲ್ಲಿ ಇರುವವರು ಅತಿಥಿಗಳು. ತೊಳೆದ ಕೂಡಲೇ ಹೋಗಿ ನೋಡಿದರೆ ಏನೂ ಕಾಣದ ಕೂದಲು ಸಂಜೆ ಬಂದವರಿಗೆ ಮಾತ್ರ ಸಿಗುವ ಒಗಟಿಗೆ ಉತ್ತರ ಇಷ್ಟೇ. ನೀರು ಮುಟ್ಟುವ ಮೊದಲು ಕೋಣೆ ಮತ್ತು ಬಚ್ಚಲು ಎರಡರಲ್ಲೂ ಒಣ ಕೆಲಸ ಮುಗಿಯಬೇಕು. ನಮ್ಮ ಅವಳಿ ನಗರದಲ್ಲಿ ನಲ್ಲಿಯ ನೀರಿಗೆ ದಿನ ಎಣಿಸಿದವರಿಗೆ ಈ ಕ್ರಮದಿಂದ ನೀರೂ ಉಳಿಯುತ್ತದೆ.

ಹಾಸಿಗೆಯಿಂದ ಆರಂಭಿಸಿ. ಮೊದಲು ಫ್ಯಾನ್ ನಿಲ್ಲಿಸಿ, ಕಿಟಕಿಯಿಂದ ಗಾಳಿ ರಭಸವಾಗಿ ಬರುತ್ತಿದ್ದರೆ ಅದನ್ನೂ ಅರೆ ಮುಚ್ಚಿ. ಚಾದರವನ್ನು ಹಿಡಿದೆತ್ತಿ ಝಾಡಿಸುವುದು ನಮ್ಮಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ಹಾಗೆ ಝಾಡಿಸಿದ ಕೂದಲು ಗೋಡೆಯಂಚು, ಮೇಜಿನ ಕಾಲು, ಪರದೆಯ ಮಡಿಕೆಗಳಿಗೆ ಹೋಗಿ ಸೇರಿ, ಫ್ಯಾನ್ ಹಾಕಿದಾಗ ಮತ್ತೆ ಹೊರಬರುತ್ತದೆ. ಅದರ ಬದಲು ನಾಲ್ಕು ಮೂಲೆಗಳನ್ನೂ ನಡುವಿಗೆ ತಂದು, ಬುತ್ತಿ ಕಟ್ಟಿದಂತೆ ಗಂಟು ಮಾಡಿ, ನೆಲಕ್ಕೆ ಇಡದೆ ನೇರವಾಗಿ ಹೊರಗಿನ ಬುಟ್ಟಿಗೆ ಹಾಕಬೇಕು. ಬರಿದಾದ ಗಾದಿಯಲ್ಲಿ ಕೂದಲು ಹೆಚ್ಚಾಗಿ ಸಿಗುವುದು ಅಂಚಿನ ಹೊಲಿಗೆಯ ಪಟ್ಟಿಯಲ್ಲಿ ಮತ್ತು ತಲೆಯ ಕಡೆ ಮಂಚಕ್ಕೂ ಗಾದಿಗೂ ನಡುವಿನ ಸಂದಿಯಲ್ಲಿ. ಪಾತ್ರೆ ತೊಳೆಯಲು ಬಳಸುವ ರಬ್ಬರ್ ಕೈಗವಸು ಹಾಕಿಕೊಂಡು ಒಂದೇ ದಿಕ್ಕಿಗೆ ನೀವುತ್ತ ಬಂದರೆ ಕೂದಲುಗಳು ಸುರುಳಿಯಾಗಿ ಒಂದು ಕಡೆ ಕೂಡುತ್ತವೆ. ಕೊನೆಯ ಎಳೆಗಳಿಗೆ ಲಿಂಟ್ ರೋಲರ್, ಅಂದರೆ ಅಂಟುಕಾಗದ ಸುತ್ತಿದ ಉರುಳೆ, ಒಳ್ಳೆಯದು, ಅದಿಲ್ಲದಿದ್ದರೆ ಅಗಲವಾದ ಪ್ಯಾಕಿಂಗ್ ಟೇಪನ್ನು ಅಂಟು ಹೊರಮುಖವಾಗುವಂತೆ ಅಂಗೈಗೆ ಸುತ್ತಿಕೊಂಡು ಒತ್ತುತ್ತ ಹೋಗಿ. ಗಾದಿಗೆ ನುಣುಪಾದ ಮೇಲುಹೊದಿಕೆ ಹಾಕಿಟ್ಟರೆ ಈ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಈಗ ತಲೆದಿಂಬಿನ ವಿಷಯ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ವಸತಿಗೃಹವೊಂದರಲ್ಲಿ ವೃದ್ಧ ಅತಿಥಿಯೊಬ್ಬರು ನನ್ನನ್ನು ಕರೆದು, ಆಗತಾನೆ ಹಾಕಿದ ಬಿಳಿಯ ದಿಂಬಿನ ಚೀಲದ ಮೇಲಿದ್ದ ಮೊಳದುದ್ದದ ಕೂದಲನ್ನು ತೋರಿಸಿದರು. ಅವರು ಸಿಟ್ಟಾಗಲಿಲ್ಲ, ಬೇರೆ ದಿಂಬು ಕೊಡಿರಿ ಎಂದಷ್ಟೇ ಹೇಳಿದರು. ಆ ಚೀಲ ಲಾಂಡ್ರಿಯಿಂದ ಇಸ್ತ್ರಿಯಾಗಿ ಬಂದದ್ದು, ಮಡಿಕೆ ಬಿಚ್ಚಿದ್ದು ನಾನೇ, ಹಾಕಿದ್ದೂ ನಾನೇ. ಹೊಸ ಚೀಲ ಹಾಕಲು ದಿಂಬನ್ನು ಗದ್ದದ ಕೆಳಗೆ ಒತ್ತಿ ಹಿಡಿದಾಗ ನನ್ನ ಜಡೆಯ ಒಂದು ಎಳೆ ದಿಂಬಿನ ಮೇಲೆ ಬಂದು ಬಿದ್ದಿದ್ದನ್ನು ಮರುಕ್ಷಣ ನನ್ನ ಕಣ್ಣಾರೆ ಕಂಡೆ. ಅಲ್ಲಿಗೆ ಹಿಂದಿನ ಕೂದಲೂ ಯಾರದೆಂದು ತಿಳಿಯಿತು. ದಿಂಬನ್ನು ಗದ್ದದಿಂದ ಹಿಡಿಯುವ ಈ ಅಭ್ಯಾಸ ಎಲ್ಲ ಮನೆಗಳಲ್ಲೂ ಇದೆ. ಅದರ ಬದಲು ದಿಂಬನ್ನು ಮಂಚದ ಮೇಲೆ ಇಟ್ಟು, ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿ, ಅದರೊಳಗೆ ಕೈಹಾಕಿ ದಿಂಬಿನ ಎರಡು ಮೂಲೆಗಳನ್ನು ಹಿಡಿದುಕೊಂಡು ಚೀಲವನ್ನು ಮೇಲಿನಿಂದ ಇಳಿಬಿಡಬೇಕು. ಮೈಗೂ ಮುಖಕ್ಕೂ ದಿಂಬು ತಾಗುವುದಿಲ್ಲ.

ಇದರಿಂದಲೇ ಹುಟ್ಟುವ ಇನ್ನೊಂದು ನಿಯಮವೆಂದರೆ, ಕೋಣೆ ಸಿದ್ಧಮಾಡುವವರ ತಲೆ ಪೂರ್ತಿ ಕಟ್ಟಿರಬೇಕು. ಹತ್ತಿಯ ವಸ್ತ್ರವೊಂದನ್ನು ಹಣೆಯಿಂದ ಕತ್ತಿನವರೆಗೆ ಬಿಗಿಯಾಗಿ ಕಟ್ಟಿಕೊಂಡರೆ ಸಾಕು, ಜಡೆ ಅದರೊಳಗೇ ಇರಲಿ. ಸಿಂಥೆಟಿಕ್ ಸೀರೆಗೆ ಚಳಿಗಾಲದಲ್ಲಿ ಕೂದಲು ಅಂಟಿಕೊಂಡು ಬರುತ್ತದೆ, ಅದರ ಮೇಲೊಂದು ಹತ್ತಿಯ ಮೇಲಂಗಿ ಇರಲಿ. ಈ ಮಾತನ್ನು ಅಕ್ಕನಿಗೆ ಮಾತ್ರ ಹೇಳಿ ನೀವು ಬರಿದಲೆಯಲ್ಲಿ ತಪಾಸಣೆಗೆ ಹೋಗಬೇಡಿ. ಕೊನೆಯಲ್ಲಿ ಸಿಗುವ ಒಂದು ಕೂದಲು ಎಷ್ಟೋ ಸಲ ಮನೆಯ ಒಡತಿಯದೇ ಆಗಿರುವುದನ್ನು ನಾನು ಕಂಡಿದ್ದೇನೆ.

ಚಾದರ ಒಗೆಯುವುದರಲ್ಲಿಯೂ ಒಣ ಕೆಲಸವೇ ಮುಂದು. ಮಷಿನ್ನಿಗೆ ಹಾಕುವ ಮೊದಲು ಗಂಟನ್ನು ಹಿತ್ತಲಿಗೆ ಒಯ್ದು, ಗಾಳಿಗೆ ಬೆನ್ನು ಮಾಡಿ ನಿಂತು ಒಂದೊಂದನ್ನೇ ಝಾಡಿಸಿ, ಝಾಡಿಸುವುದಕ್ಕೆ ಸರಿಯಾದ ಜಾಗ ಅದು. ಹಾಗೆಯೇ ಮಷಿನ್ನಿಗೆ ಹಾಕಿದರೆ ಒದ್ದೆಯಾದ ಕೂದಲು ನೂಲಿನೊಳಗೆ ಹೆಣೆದುಕೊಳ್ಳುತ್ತದೆ. ಮಷಿನ್ನಿನ ಲಿಂಟ್ ಚೀಲವನ್ನು ಪ್ರತಿ ಸಲವೂ ಬಿಚ್ಚಿ ತೆಗೆಯಿರಿ, ಮುಂಬಾಗಿಲಿನ ಮಷಿನ್ ಆದರೆ ಬಾಗಿಲಿನ ರಬ್ಬರ್ ಸುರುಳಿಯ ಮಡಿಕೆಯನ್ನು ಬೆರಳಿನಿಂದ ಒರೆಸಿ. ಒಣಗಿದ ಮೇಲೆ ತಂತಿಯಿಂದ ತೆಗೆಯುವ ಮೊದಲು ಮತ್ತೊಮ್ಮೆ ಝಾಡಿಸಬೇಕು. ಇಸ್ತ್ರಿಯ ಮೇಜೇ ಕೊನೆಯ ತಪಾಸಣೆಯ ಜಾಗ, ಏಕೆಂದರೆ ಅಲ್ಲಿ ತಪ್ಪಿಸಿಕೊಂಡ ಕೂದಲು ಇಸ್ತ್ರಿಯ ಬಿಸಿಗೆ ಬಟ್ಟೆಯ ಮೇಲೆ ಒತ್ತಿ ಕೂರುತ್ತದೆ. ಪ್ರತಿ ಮಂಚಕ್ಕೆ ಮೂರು ಜೊತೆ ಹಾಸು ಹೊದಿಕೆ ಇರಬೇಕು: ಮಂಚದ ಮೇಲೆ ಒಂದು, ಒಗೆತದಲ್ಲಿ ಒಂದು, ಕಪಾಟಿನಲ್ಲಿ ಒಂದು. ಧಾರವಾಡದ ಮಳೆಗಾಲದಲ್ಲಿ ಮೂರು ದಿನವಾದರೂ ಬಟ್ಟೆ ಆರದಿರುವುದು ನಿಮಗೆ ಗೊತ್ತೇ ಇದೆ, ಆಗ ನಾಲ್ಕನೆಯ ಜೊತೆ ಬೇಕಾಗುತ್ತದೆ. ಅರೆ ಹಸಿಯ ಚಾದರ ಹಾಸಿದರೆ ಕೋಣೆಯಲ್ಲಿ ಹಾರಾಡುವ ಕೂದಲೆಲ್ಲ ಅದಕ್ಕೇ ಬಂದು ಅಂಟುತ್ತದೆ. ಕೂದಲು ಕಾಣದಿರಲೆಂದು ಕಡುಬಣ್ಣದ ಚಾದರ ಕೊಳ್ಳುವ ಸಲಹೆಯನ್ನು ಕೆಲವರು ಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಬಿಳಿಯ ಬಟ್ಟೆಯ ಮೇಲೆ ಕೂದಲು ಅತಿಥಿಗಿಂತ ಮೊದಲು ನಿಮಗೆ ಕಾಣುತ್ತದೆ, ಅದೇ ಅದರ ಗುಣ.

ಕೌದಿಯ ಬಗ್ಗೆ ಬರೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ನಮ್ಮ ಕಡೆಯ ಮನೆಯಲ್ಲಿ ಉಳಿದವರಿಗೆ ಕೌದಿ ಹೊದೆಯಲು ಕೊಡುವುದು ಅಕ್ಕರೆಯ ಕೆಲಸ. ಆದರೆ ಕೌದಿಯೆಂದರೆ ಹಳೆಯ ಸೀರೆ, ಧೋತರಗಳ ಪದರಗಳನ್ನು ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಕೂಡಿಸಿದ ವಸ್ತು. ಪ್ರತಿ ಹೊಲಿಗೆಯ ಹತ್ತಿರ ಬಟ್ಟೆ ಒಳಗೆ ಜಗ್ಗಿ ಒಂದು ಸಣ್ಣ ಕುಳಿಯಾಗುತ್ತದೆ, ತೇಪೆಗಳ ಅಂಚಿನಲ್ಲಿ ಬಿಟ್ಟ ಬಾಯಿ ಇರುತ್ತದೆ. ಕೂದಲಿನ ಒಂದು ತುದಿ ಅಲ್ಲಿ ಸಿಕ್ಕಿಕೊಂಡರೆ ಝಾಡಿಸಿದರೂ ಬರುವುದಿಲ್ಲ, ಒಗೆದರೂ ಬರುವುದಿಲ್ಲ. ಹೊಲಿಗೆಯ ಸಾಲಿಗೆ ಅಡ್ಡವಾಗಿ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ, ಸಾಲು ಹೋದ ದಿಕ್ಕಿಗೇ ರಬ್ಬರ್ ಕೈಗವಸಿನಿಂದ ನೀವಬೇಕು. ಹೀಗೆ ಒಂದು ಕೌದಿಯ ಎರಡು ಮಗ್ಗುಲು ನೋಡಲು ಕಾಲು ಗಂಟೆ ಹಿಡಿಯುತ್ತದೆ. ಇಷ್ಟು ಸಮಯ ಪ್ರತಿ ಸಲವೂ ಸಿಗದಿದ್ದರೆ, ಕೌದಿಯನ್ನು ದೊಡ್ಡ ಬಿಳಿಯ ಹತ್ತಿ ಚೀಲದೊಳಗೆ ಹಾಕಿ, ರಜಾಯಿಗೆ ಹೊದಿಕೆ ಹಾಕುವಂತೆ, ಆ ಚೀಲವನ್ನು ಮಾತ್ರ ಪ್ರತಿ ಅತಿಥಿಗೂ ಬದಲಿಸಿ. ನೆಲಕ್ಕೆ ಹಾಸಲು ನವಲಗುಂದದ ಜಮಖಾನ ಇದ್ದರೆ ಅದನ್ನು ಧೈರ್ಯವಾಗಿ ಇಟ್ಟುಕೊಳ್ಳಿ. ಅದು ಉಣ್ಣೆಯ ಕಾರ್ಪೆಟ್ಟಿನಂತೆ ಎಳೆ ಎದ್ದಿರದ ಚಪ್ಪಟೆ ಹತ್ತಿಯ ನೇಯ್ಗೆ, ಹೊರಗೆ ಒಯ್ದು ಎರಡೂ ಮಗ್ಗುಲು ಬಡಿದರೆ ಕೂದಲು ಬಿಟ್ಟುಬಿಡುತ್ತದೆ.

ಇನ್ನು ಬಚ್ಚಲು. ಅತಿಥಿ ಬೆಳಿಗ್ಗೆ ಸ್ನಾನ ಮಾಡಿ ಹೊರಟ ಹೊತ್ತಿಗೆ ಅದು ಒದ್ದೆಯಾಗಿಯೇ ಇರುತ್ತದೆ, ಒಣ ಕೆಲಸ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಕಿಟಕಿ ಮತ್ತು ಬಾಗಿಲು ತೆರೆದಿಟ್ಟು, ಎಕ್ಸಾಸ್ಟ್ ಫ್ಯಾನ್ ಇದ್ದರೆ ಹಾಕಿ, ಮೊದಲು ಕೋಣೆಯ ಹಾಸಿಗೆ ಕೆಲಸಕ್ಕೆ ಹೋಗಿ. ಅರ್ಧ ಗಂಟೆಯಲ್ಲಿ ಬಹುಪಾಲು ಆರಿರುತ್ತದೆ. ಆರದೆ ಉಳಿದ ಕಡೆ ಕಾಗದದ ಟಿಶ್ಯೂವಿನಿಂದ ಕೂದಲನ್ನು ಒತ್ತಿ ತೆಗೆಯಿರಿ, ಎಳೆಯಬೇಡಿ, ಒತ್ತಿ ಎತ್ತಿ. ನಂತರ ನೆಲದ ಜಾಲರಿಯನ್ನು ಕಿತ್ತು, ಅದರ ಕೆಳಗಿನ ಬಟ್ಟಲಿನಲ್ಲಿ ಸೇರಿದ ಕೂದಲಿನ ಉಂಡೆಯನ್ನು ಕೈಗವಸು ಹಾಕಿಕೊಂಡು ತೆಗೆದು ಕಸದ ಬುಟ್ಟಿಗೆ ಹಾಕಿ. ನೀರು ಸುರಿದು ಅದನ್ನು ಮೋರಿಗೆ ಕಳಿಸಿದರೆ ಕೆಲ ತಿಂಗಳಲ್ಲಿ ಪೈಪು ಕಟ್ಟಿ, ತುಂಬಿ ನಿಂತ ನೀರು ಹಳೆಯ ಕೂದಲನ್ನೆಲ್ಲ ನೆಲದ ಮೇಲೆ ತಂದು ಬಿಡುತ್ತದೆ.

ನಿಮ್ಮ ಬಕೆಟ್ಟಿನ ಕಥೆ ಇಲ್ಲಿದೆ. ನಾವು ಬಕೆಟ್ಟಿನ ಒಳಗನ್ನು ತಿಕ್ಕುತ್ತೇವೆ, ತಳವನ್ನು ತಿರುಗಿಸಿ ನೋಡುವುದಿಲ್ಲ. ತಳದ ಸುತ್ತಿನ ಅಂಚಿಗೂ ನೆಲಕ್ಕೂ ನಡುವೆ ನೀರು ನಿಲ್ಲುತ್ತದೆ, ಹರಿದು ಬಂದ ಕೂದಲು ಅಲ್ಲಿ ಸುತ್ತಿಕೊಳ್ಳುತ್ತದೆ, ಅತಿಥಿ ಬಕೆಟ್ ಎತ್ತಿದಾಗ ಜೋತು ಬೀಳುತ್ತದೆ. ತಂಬಿಗೆಯ ಹಿಡಿಕೆಯ ಒಳಮೈ, ಬಕೆಟ್ಟಿನ ಹಿಡಿಕೆ ಸಿಕ್ಕಿಸಿದ ಕಿವಿ, ಕೂಡುವ ಸ್ಟೂಲಿನ ಕಾಲುಗಳು, ಶವರಿನ ಕೊಳವೆ, ಬಾಗಿಲಿನ ಹಿಂಭಾಗದ ಕೆಳಗಿನ ಅಂಚು, ಇವೆಲ್ಲವೂ ಅಂಥವೇ ಜಾಗಗಳು. ಬಳಸಿದ ಸಾಬೂನನ್ನು ಎಷ್ಟೇ ದೊಡ್ಡದಿದ್ದರೂ ತೆಗೆದುಬಿಡಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಸಾಬೂನು ನೀರಿನ ಸುಣ್ಣದಂಶದೊಡನೆ ಸೇರಿ ಗೋಡೆಯ ಮೇಲೆ ಬಿಳಿಯ ಜಿಡ್ಡಾಗಿ ನಿಲ್ಲುತ್ತದೆ, ಕೂದಲು ಅದರಲ್ಲಿ ಹುದುಗುತ್ತದೆ. ವಾರಕ್ಕೊಮ್ಮೆ ಆ ಜಿಡ್ಡನ್ನು ಟೈಲುಗಳಿಂದ ತೆಗೆಯಲೇಬೇಕು. ಆದರೆ ನೆಲ ಶಹಾಬಾದ್ ಫರಸಿಯದಾಗಿದ್ದರೆ ಅದಕ್ಕೆ ಆ್ಯಸಿಡ್ ಮುಟ್ಟಿಸಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಮ್ಲ ಅದರ ಮೈಯನ್ನು ತಿಂದು ಒರಟು ಮಾಡುತ್ತದೆ, ಒರಟಾದ ನೆಲ ಕೂದಲನ್ನು ಇನ್ನಷ್ಟು ಹಿಡಿಯುತ್ತದೆ. ಶೌಚಾಲಯಕ್ಕೆ ಬಳಸುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಂದೇ ಕಡೆ, ಒಂದರ ಬೆನ್ನಿಗೆ ಇನ್ನೊಂದನ್ನು ಹಾಕುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಕೆಲಸ ಮಾಡುವವರ ಜೀವಕ್ಕೇ ಅಪಾಯ, ದಯವಿಟ್ಟು ಈ ಒಂದು ಮಾತನ್ನು ಮರೆಯಬೇಡಿ. ಪೈಪಿನ ಕೂದಲು ಕರಗಿಸಲು ಮಾರುವ ಕಾಸ್ಟಿಕ್ ಪುಡಿ ಕೆಲಸವೇನೋ ಮಾಡುತ್ತದೆ, ಆದರೆ ಚರ್ಮವನ್ನೂ ಕಣ್ಣನ್ನೂ ಅಷ್ಟೇ ಸುಲಭವಾಗಿ ಸುಡುತ್ತದೆ. ಜಾಲರಿಯನ್ನು ಪ್ರತಿ ಸಲ ತೆಗೆದರೆ ಅದು ಬೇಕಾಗುವುದೇ ಇಲ್ಲ.

ಒಣ ಕೆಲಸ ಮುಗಿದ ಮೇಲೆ ಬಚ್ಚಲನ್ನು ಎಂದಿನಂತೆ ತೊಳೆದು, ವೈಪರಿನಿಂದ ನೀರು ಎಳೆದು, ಒಣ ಬಟ್ಟೆಯಿಂದ ನೆಲವನ್ನೂ ಬಕೆಟ್ಟನ್ನೂ ಒರೆಸಿ ಬಿಡಿ. ಒಣಗಿದ ಬಚ್ಚಲಿನಲ್ಲಿ ಮಾತ್ರ ತಪಾಸಣೆ ಸಾಧ್ಯ.

ಕೋಣೆಯ ನೆಲಕ್ಕೆ ಬರೋಣ. ಹುಲ್ಲಿನ ಕಸಬರಿಗೆ ಧೂಳಿಗೆ ಒಳ್ಳೆಯದು, ಕೂದಲಿಗೆ ಅಲ್ಲ. ಅದರ ಬೀಸಿಗೆ ಹಗುರವಾದ ಕೂದಲು ಎದ್ದು ಮುಂದೆ ಹಾರುತ್ತದೆ, ಉಳಿದದ್ದು ಕಡ್ಡಿಗಳ ನಡುವೆ ಸಿಕ್ಕಿ ಮುಂದಿನ ಕೋಣೆಗೆ ಹೋಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಒಣ ಗಾಳಿಯಲ್ಲಿ ಸ್ಥಿರ ವಿದ್ಯುತ್ ಹೆಚ್ಚಾಗಿ ಈ ಹಾರಾಟ ಇನ್ನೂ ಜೋರು. ಚಪ್ಪಟೆಯಾದ ಮೈಕ್ರೋಫೈಬರ್ ಮಾಪನ್ನು ಒಣದಾಗಿಯೇ, ನೆಲದಿಂದ ಎತ್ತದೆ, ಒಳಗಿನ ಮೂಲೆಯಿಂದ ಬಾಗಿಲಿನ ಕಡೆಗೆ ತಳ್ಳುತ್ತ ಬನ್ನಿ. ಅದರ ಎಳೆಗಳು ಕೂದಲಿಗಿಂತ ಸಣ್ಣವು, ಉಜ್ಜಿದಾಗ ಅವುಗಳಲ್ಲಿ ಹುಟ್ಟುವ ಅದೇ ಸ್ಥಿರ ವಿದ್ಯುತ್ ಕೂದಲನ್ನು ಎಳೆದು ಹಿಡಿಯುತ್ತದೆ. ಆ ಬಟ್ಟೆಯನ್ನು ಒಗೆಯುವಾಗ ಕಂಫರ್ಟಿನಂಥ ಮೃದುಕಾರಕ ಹಾಕಬೇಡಿ, ಎಳೆಗಳ ಮೇಲೆ ಪದರ ಕಟ್ಟಿ ಹಿಡಿತ ಹೋಗುತ್ತದೆ. ಒಣ ಮಾಪಿನ ನಂತರ ಒದ್ದೆ ಬಟ್ಟೆ ಬರಲಿ, ಬಚ್ಚಲಿನ ಬಟ್ಟೆ ಮತ್ತು ಕೋಣೆಯ ಬಟ್ಟೆ ಬೇರೆ ಬೇರೆ ಬಣ್ಣದ್ದಾಗಿರಲಿ.

ಹೀಗಿರುವಾಗ ದುಬಾರಿ ವ್ಯಾಕ್ಯೂಮ್ ಕ್ಲೀನರ್ ನಿಮಗೆ ಅಗತ್ಯವಿಲ್ಲ. ತಿರುಗುವ ಬ್ರಷ್ ಇರುವ ಯಂತ್ರಗಳು ಮುಖ್ಯವಾಗಿ ಕಾರ್ಪೆಟ್ಟಿಗೆ ಮಾಡಿದವು. ಫರಸಿ ನೆಲದಲ್ಲಿ ಉದ್ದ ಕೂದಲು ಆ ಬ್ರಷ್ಷಿಗೆ ಸುತ್ತಿಕೊಂಡು, ವಾರಕ್ಕೊಮ್ಮೆ ಕತ್ತರಿಯಿಂದ ಕತ್ತರಿಸಿ ತೆಗೆಯುವ ಕೆಲಸ ಬೀಳುತ್ತದೆ. ಮಂಚದ ಕೆಳಗು, ಗಾದಿಯ ಸಂದಿ, ಸೋಫಾದ ಮೂಲೆಗಳಿಗೆ ಕಿರಿದಾದ ಮೂತಿಯ ಸಾಧಾರಣ ಯಂತ್ರವೊಂದಿದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಆ ಹಣದಲ್ಲಿ ಮೂರನೆಯ ಜೊತೆ ಚಾದರ ಕೊಳ್ಳಿ.

ಫಲಕ ಬೇಡ. ಹಣ ಕೊಟ್ಟು ಉಳಿದವರಿಗೆ ತಲೆ ಬಾಚಬೇಡಿ ಎಂದು ಹೇಳುವುದು ನಮ್ಮ ಆತಿಥ್ಯಕ್ಕೆ ಒಪ್ಪುವ ಮಾತಲ್ಲ, ಹೇಳಿದರೂ ಅವರು ಬಾಚಿಕೊಳ್ಳಲೇಬೇಕಲ್ಲ. ಹಿರಿಯರು ಬಾಚಣಿಗೆಯ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಒಂದು ಕಡೆ ತೆಗೆದಿಡುತ್ತಿದ್ದರು, ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುತ್ತಿದ್ದ ಕಾಲವದು. ಆ ಅಭ್ಯಾಸಕ್ಕೆ ಜಾಗ ಮಾಡಿಕೊಡಿ. ಬೆಳಕು ಚೆನ್ನಾಗಿ ಬೀಳುವ ಒಂದು ಮೂಲೆಯಲ್ಲಿ ಕನ್ನಡಿ, ಅದರ ಕೆಳಗೊಂದು ಚಿಕ್ಕ ಹಲಗೆ, ಪಕ್ಕದಲ್ಲಿ ಮುಚ್ಚಳವಿರುವ ಕಸದ ಬುಟ್ಟಿ ಇಟ್ಟರೆ ಬಹಳಷ್ಟು ಜನ ಅಲ್ಲಿಯೇ ನಿಂತು ಬಾಚಿಕೊಂಡು ಅದರಲ್ಲಿಯೇ ಹಾಕುತ್ತಾರೆ. ಕನ್ನಡಿ ಬಚ್ಚಲಿನ ಒಳಗೆ ಮಾತ್ರ ಇದ್ದರೆ ಕೂದಲೆಲ್ಲ ಒದ್ದೆ ನೆಲಕ್ಕೇ ಬೀಳುತ್ತದೆ.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ, ಆದರೆ ನಾನು ಹೇಳಲೇಬೇಕು. ಈ ಕ್ರಮದಲ್ಲಿ ಒಂದು ಕೋಣೆ ಮತ್ತು ಬಚ್ಚಲಿಗೆ ಒಬ್ಬರಿಗೆ ಒಂದೂಕಾಲು ಗಂಟೆ ಬೇಕು. ಬೆಳಿಗ್ಗೆ 11ಕ್ಕೆ ಒಬ್ಬರು ಹೊರಟು 12ಕ್ಕೆ ಇನ್ನೊಬ್ಬರು ಬರುವಂತೆ ಒಪ್ಪಿಕೊಂಡರೆ ಯಾವ ವಿಧಾನವೂ ಕೈಹಿಡಿಯುವುದಿಲ್ಲ, ನಡುವೆ ಮೂರು ಗಂಟೆಯಾದರೂ ಬಿಡಿ. ಹೆಚ್ಚಿದ ಕೆಲಸಕ್ಕೆ ತಕ್ಕಂತೆ ಅಕ್ಕನ ಸಂಬಳವನ್ನೂ ಹೆಚ್ಚಿಸಿ. ದೂರು ಬಂದಾಗ ಅವರನ್ನು ಕರೆದು ಅತಿಥಿಯ ಎದುರು ಕೇಳಬೇಡಿ, ಕೂದಲು ಯಾರದು ಎಂಬ ವಾದಕ್ಕೂ ಇಳಿಯಬೇಡಿ. ತಪ್ಪಾಯಿತೆಂದು ಹೇಳಿ, ಒಂದು ಕೂದಲು ಸಿಕ್ಕಿದ್ದರೂ ಇಡೀ ಹಾಸಿಗೆಯನ್ನು ಅವರ ಕಣ್ಣೆದುರಿಗೇ ಬದಲಿಸಿ. ನಂತರ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಕೋಣೆ, ಸಿಕ್ಕ ಜಾಗ, ಕೂದಲು ಉದ್ದವೋ ಗಿಡ್ಡವೋ, ಒಣಗಿತ್ತೋ ಒದ್ದೆಯೋ ಎಂದು ಬರೆದಿಡಿ. ತೊಳೆದ ಹಾಸಿಗೆಯ ಮೇಲೆ ಉದ್ದ ಕೂದಲು ಪದೇ ಪದೇ ಸಿಕ್ಕರೆ ತಲೆವಸ್ತ್ರವನ್ನೂ ಇಸ್ತ್ರಿಯ ಮೇಜನ್ನೂ ನೋಡಿ. ಬಚ್ಚಲಿನ ಮೂಲೆಯಲ್ಲಿ ಗಿಡ್ಡ ಕೂದಲು ಸಿಗುತ್ತಿದ್ದರೆ ಅದು ಹಿಂದಿನ ಅತಿಥಿಯದು, ಒಣ ಕೆಲಸ ಅವಸರದಲ್ಲಿ ಆಗಿದೆ ಎಂದರ್ಥ.

ಕೊನೆಯ ತಪಾಸಣೆಗೆ ಕೋಣೆಯ ದೀಪ ಆರಿಸಿ, ಪರದೆ ಎಳೆದು, ಮೊಬೈಲಿನ ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಅಡ್ಡಲಾಗಿ ಹಿಡಿಯಿರಿ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಕಾಣದ ಕೂದಲು ಅಡ್ಡ ಬೆಳಕಿನಲ್ಲಿ ತನಗಿಂತ ದಪ್ಪನೆಯ ನೆರಳನ್ನು ಬಿಡುತ್ತದೆ. ಚಾದರದ ಮೇಲೆ, ಬಚ್ಚಲಿನ ಟೈಲುಗಳ ಮೇಲೆ ಕೂಡ ಹೀಗೆಯೇ ನೋಡಬೇಕು. ಆಮೇಲೆ ಅತಿಥಿ ಕೂರುವ ಕಡೆ ಒಮ್ಮೆ ಕೂತು ಕಣ್ಣು ಹಾಯಿಸಿ: ಮಂಚದ ಅಂಚಿನಲ್ಲಿ, ಕುರ್ಚಿಯಲ್ಲಿ, ಕಮೋಡಿನ ಮೇಲೆ. ನಿಂತಾಗ ಕಾಣದ ಬಾಗಿಲಿನ ಹಿಂಭಾಗ ಅಲ್ಲಿಂದ ನೇರವಾಗಿ ಕಣ್ಣಿಗೆ ಬೀಳುತ್ತದೆ. ಮೊದಲ ನಾಲ್ಕಾರು ಸಲ ಈ ಕೆಲಸವನ್ನು ಅಕ್ಕನ ಜೊತೆಗೆ ನೀವೂ ಮಾಡಿ, ಟಾರ್ಚು ಅವರ ಕೈಯಲ್ಲಿರಲಿ, ಎಲ್ಲಿ ಸಿಕ್ಕಿತು ಎಂಬುದನ್ನು ಅವರೇ ನಿಮಗೆ ತೋರಿಸಲಿ. ಕೂರುವಾಗ ಸುಕ್ಕಾದ ಮಂಚದ ಅಂಚನ್ನು ಅಂಗೈಯಿಂದ ನೀವಿ, ಬಾಗಿಲಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಹೊರಬಂದು ಚಿಲಕ ಹಾಕಿಬಿಡಿ. ಇನ್ನು ಆ ಬಾಗಿಲು ತೆರೆಯುವುದು ಅತಿಥಿ ಬಂದಾಗ.